ಮಕ್ಕಳ ಕಲೆ ಮತ್ತು ನೆರೆಯವರ ಹೊಣೆ

1853ನೆಯ ಇಸವಿ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷವೇ ಹಳಿಯು ಕಲ್ಯಾಣವನ್ನು ಮುಟ್ಟಿತು. ಆ ಹಳಿಯ ಮೇಲೆ ಮುಂದೆ ಡೊಂಬಿವಲಿ ಬೆಳೆಯಿತು. 1970ರಲ್ಲಿ ಸಿಡ್ಕೋ ಸ್ಥಾಪನೆಯಾದ ಮೇಲೆ ಖಾಡಿಯ ಆಚೆಗೆ ನವಿ ಮುಂಬಯಿ ತಲೆಯೆತ್ತಿತು. ಕೋಟೆ, ಮಾಟುಂಗಗಳಲ್ಲಿ ಒತ್ತಾಗಿದ್ದ ಕನ್ನಡಿಗರ ಬಾಳು ಹೀಗೆ ದೂರ ದೂರಕ್ಕೆ ಹರಡಿತು. ಆದರೆ ಸಂಸಾರ ಹೋದಲ್ಲಿಗೆಲ್ಲ ಸಂಸ್ಕೃತಿ ತಾನಾಗಿ ಹಿಂಬಾಲಿಸುವುದಿಲ್ಲ. ಕಲ್ಯಾಣದ ಮಗುವು ಮಾಟುಂಗಕ್ಕೆ ಹೋಗಿ ಕುಣಿತ ಕಲಿಯಲಿ ಎಂದರೆ ಭಾನುವಾರವೆಲ್ಲ ರೈಲಿನಲ್ಲಿಯೇ ಕಳೆದೀತು. ಹಾಗಾದರೆ ನಮ್ಮ ಮಕ್ಕಳ ಹಾಡು, ನಾಟಕ, ಯಕ್ಷಗಾನಗಳ ಹೊಣೆಯನ್ನು ಯಾರಿಗೆ ಒಪ್ಪಿಸಬೇಕು?

ಈ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವಿದೆ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರಿಗೆಂದು ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳು ಹುಟ್ಟಿದುವು. ಅವನ್ನು ಕಟ್ಟಿದವರು ಬಹುಮಟ್ಟಿಗೆ ನಮ್ಮ ಸಂಘ ಸಂಸ್ಥೆಗಳವರೇ. ಹುಡುಗರ ಬಿಡುವು ಯಾವಾಗ ಎಂಬುದು ನೆರೆಯಲ್ಲಿದ್ದವರಿಗೆ ಗೊತ್ತಿತ್ತು. ಆದುದರಿಂದಲೇ ಶಾಲೆ ಇರುಳಿಗೆ ತೆರೆಯಿತು.

ಇನ್ನು ತಾಯ್ನಾಡಿನತ್ತ ನೋಡೋಣ. ಸಾಗರದ ಬಳಿಯ ಹೆಗ್ಗೋಡು ಒಂದು ಚಿಕ್ಕ ಹಳ್ಳಿ. 1949ರಲ್ಲಿ ಆ ಊರಿನವರೇ ಕೂಡಿ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಸ್ಥಾಪಿಸಿದರು, ಅದೇ ನೀನಾಸಮ್. ಶ್ರೀ ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ 1980ರಲ್ಲಿ ಅಲ್ಲಿ ನಾಟಕಶಾಲೆ ತೆರೆಯಿತು. ಅದೇ ದಶಕದಲ್ಲಿ 'ಜನಸ್ಪಂದನ' ಎಂಬ ಯೋಜನೆಯಿಂದ ನಾಡಿನ ಹಳ್ಳಿ ಪಟ್ಟಣಗಳಲ್ಲಿ ಶಿಬಿರಗಳು ನಡೆದುವು. ಕಲಿಸುವವರು ಹೆಗ್ಗೋಡಿನಿಂದ ಬಂದರು; ಬಣ್ಣ ಹಚ್ಚಿ ಆಡಿದವರು ಆಯಾ ಊರಿನವರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು.

ಉಡುಪಿಯಲ್ಲಿ 1975ರಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗದ ಉದಾಹರಣೆಯೂ ಗಮನಾರ್ಹ. ಅಲ್ಲಿಯ ಯಕ್ಷಶಿಕ್ಷಣದ ಏರ್ಪಾಟಿನಲ್ಲಿ ಮಕ್ಕಳು ಗುರುವನ್ನು ಅರಸಿ ಹೋಗಬೇಕಿಲ್ಲ, ಗುರುಗಳೇ ಪ್ರೌಢಶಾಲೆಗಳಿಗೆ ಬರುತ್ತಾರೆ. ಬಾಲಕರೂ ಬಾಲಕಿಯರೂ ಕಲಿತು ಗೆಜ್ಜೆ ಕಟ್ಟಿ ರಂಗವೇರುತ್ತಾರೆ.

ನಮ್ಮಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ಬೆಲೆಯಿದೆ. ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಕನ್ನಡದ ಮಾತನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಅವರಿಗೆ ರಂಗವೇ ಕನ್ನಡದ ಶಾಲೆ. ಯಾವ ಮಗುವಿಗೆ ಯಾವ ಅಕ್ಷರ ತೊಡಕು, ಪರೀಕ್ಷೆ ಎಂದು, ಯಾರ ಮನೆಯ ಹಜಾರ ಸಂಜೆಗೆ ಬರಿದಾಗಿರುತ್ತದೆ ಎಂಬುದನ್ನು ಡೊಂಬಿವಲಿಯ ತಾಯಂದಿರೂ ವಾಶಿಯ ನಿವೃತ್ತ ಉಪಾಧ್ಯಾಯರೂ ಬಲ್ಲರು. ದೂರದ ಸಮಿತಿಗೆ ಅದು ತಿಳಿಯದು.

ಸ್ಥಳೀಯರಿಗೆ ಬಿಟ್ಟರೆ ಮಟ್ಟ ಕುಸಿದೀತು, ಹಣ ಪೋಲಾದೀತು ಎಂದು ಕೆಲವರು ಅಂಜುತ್ತಾರೆ. ಅಂಜಿಕೆ ತೀರ ನಿರಾಧಾರವೇನಲ್ಲ. ಮಟ್ಟಕ್ಕೆ ನುರಿತ ಗುರುಗಳನ್ನು ಕಳುಹಿಸೋಣ. ಹಣಕ್ಕೆ ವರ್ಷಕ್ಕೊಮ್ಮೆ ಲೆಕ್ಕ ಕೇಳೋಣ. ಆದರೆ ಯಾವ ಪ್ರಸಂಗ, ಯಾವ ದಿನ, ಯಾವ ಪಾತ್ರ ಯಾರಿಗೆ ಎಂಬುದನ್ನು ಅವರೇ ನಿಶ್ಚಯಿಸಲಿ. ಲೆಕ್ಕ ಕೇಳುವುದು ಬೇರೆ, ಲಗಾಮು ಹಿಡಿಯುವುದು ಬೇರೆ. ಈ ಭೇದವನ್ನು ನಮ್ಮ ಸಂಘಗಳು ಮನಗಂಡರೆ ನಾಳಿನ ರಾಜ್ಯೋತ್ಸವದ ರಂಗಕ್ಕೆ ಮಕ್ಕಳನ್ನು ಹುಡುಕಬೇಕಾಗದು.