ಪರೀಕ್ಷೆ: ಸುತ್ತಲೂ ನೋಡುವ ಪದ

ಬೆಳಗಾವಿ ಜಿಲ್ಲೆಯ ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾನಂದ ಮುನಿಗಳನ್ನು ಜೈನ ಲೋಕವೆಲ್ಲ ಬಲ್ಲದು. ಅದೇ ಹೆಸರಿನ ತಾರ್ಕಿಕರೊಬ್ಬರು ಸಾವಿರ ವರ್ಷಕ್ಕೂ ಹಿಂದೆ ‘ಆಪ್ತಪರೀಕ್ಷೆ’, ‘ಪ್ರಮಾಣಪರೀಕ್ಷೆ’ ಎಂಬ ಗ್ರಂಥಗಳನ್ನು ಬರೆದರು. ನಂಬತಕ್ಕ ಆಪ್ತ ಯಾರು ಎಂಬುದನ್ನೂ ಒರೆಗೆ ಹಚ್ಚಿದ ಧೈರ್ಯ ಅವರದು.

‘ಪರಿ’ ಎಂದರೆ ಸುತ್ತಲೂ, ‘ಈಕ್ಷ್’ ಎಂದರೆ ನೋಡು. ಇವು ಕೂಡಿದ ‘ಪರೀಕ್ಷೆ’ ಎಂಬ ಪದವೇ ಸವೆದು ಮರಾಠಿಯಲ್ಲಿ ‘ಪಾರಖ’ ಆಯಿತು. ನಾಣ್ಯದ ಅಸಲು-ಖೋಟಾ ನೋಡುವ ಮನೆತನಗಳಿಗೆ ‘ಪಾರೇಖ್’ ಎಂಬ ಅಡ್ಡಹೆಸರು ಕೊಟ್ಟಿತು. ನಮ್ಮ ಮಕ್ಕಳ ಪಾಲಿಗೆ ಮಾತ್ರ ಅದು ಹಾಲ್ ಟಿಕೆಟ್‌ಗೆ, ಅಂಕಪಟ್ಟಿಗೆ ಕುಗ್ಗಿರುವುದು ನನಗೆ ನೋವಿನ ಸಂಗತಿ.

ಆಯುರ್ವೇದದ ಚರಕಸಂಹಿತೆಯಲ್ಲಾದರೋ ಪರೀಕ್ಷೆ ನಾಲ್ಕು ಬಗೆ: ಆಪ್ತರ ಮಾತು, ಪ್ರತ್ಯಕ್ಷ, ಅನುಮಾನ, ಯುಕ್ತಿ. ಯುಕ್ತಿಗೆ ಅಲ್ಲಿ ಕೊಟ್ಟ ನಿದರ್ಶನ ಬೆಳೆಯದು. ನೀರು, ಉಳುಮೆ, ಬೀಜ, ಋತು ಕೂಡಿದರೇ ಪೈರು. ಹಾಗಾದರೆ ಇಳುವರಿ ಏರಿದಾಗ ಯಾವುದಕ್ಕೆ ಶ್ರೇಯ? ಇಂದಿನ ಪ್ರಯೋಗವಿನ್ಯಾಸದ ತಿರುಳೆಲ್ಲ ಈ ಪ್ರಶ್ನೆಯಲ್ಲಿದೆ.

ಶೇಡಬಾಳದ ಕಡೆ ಕೃಷ್ಣೆಯ ದಂಡೆಯ ಸವಳು ಹೊಲಕ್ಕೆ ಜಿಪ್ಸಂ ಹಾಕಿದ ಮರುವರ್ಷ ಕಬ್ಬು ಹುಲುಸಾಗಿ ಬಂತೆನ್ನಿ. ಜಿಪ್ಸಂನಿಂದಲೋ, ಮಳೆ ಉಪ್ಪು ತೊಳೆದದ್ದರಿಂದಲೋ, ಕುಳೆ ಕಿತ್ತು ಹೊಸ ನಾಟಿ ಮಾಡಿದ್ದರಿಂದಲೋ? ತಿಳಿಯಬೇಕಾದರೆ ಅದೇ ಹೊಲವನ್ನು ಪಟ್ಟಿಗಳಾಗಿ ಅಳೆದು, ತಳಿ, ನೀರು, ಗೊಬ್ಬರ ಎಲ್ಲಕ್ಕೂ ಒಂದೇ ಇಟ್ಟು, ಯಾವ ಪಟ್ಟಿಗೆ ಜಿಪ್ಸಂ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಬೇಕು. ರೈತನೇ ಆರಿಸಿದರೆ ಕೈ ತಾನಾಗಿ ಒಳ್ಳೆಯ ಮಣ್ಣಿನತ್ತ ಹೋಗುತ್ತದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಹೊಲಗಳಲ್ಲಿ ದುಡಿದ ಸಂಖ್ಯಾಶಾಸ್ತ್ರಜ್ಞ ಫಿಶರ್ 1935ರ ಪುಸ್ತಕದಲ್ಲಿ ಹಿಡಿದ ಪಟ್ಟು ಇದೇ.

ಆದರೆ ಹನಿ ನೀರಾವರಿಗೆ ಯಾರು ದುಡ್ಡು ಹಾಕಬೇಕೆಂದು ಚೀಟಿ ಎತ್ತಲಾಗದು. ಹಾಕಿಸಿದವರ ಭೂಮಿ, ಬಂಡವಾಳ ಮೊದಲೇ ಚೆನ್ನಾಗಿದ್ದಿರಬಹುದು. ಆದ್ದರಿಂದ ಹಾಕಿಸಿದವರದೂ ಹಾಕಿಸದವರದೂ ಹಿಂದಿನ ಹಲವು ವರ್ಷಗಳ ಇಳುವರಿ ಎದುರಿಗಿಟ್ಟು ನೋಡಬೇಕು; ಇದು ಅರೆಪ್ರಯೋಗ. ಇಂಥ ಸಂದೇಹಗಳನ್ನೆಲ್ಲ ಅಮೆರಿಕದ ಸಂಶೋಧಕರಾದ ಕ್ಯಾಂಪ್‌ಬೆಲ್, ಸ್ಟ್ಯಾನ್ಲಿ 1963ರಲ್ಲಿ ಒಂದೆಡೆ ಪಟ್ಟಿಮಾಡಿದರು. ಫಲ ನಿಜಕ್ಕೂ ಆ ಕ್ರಮದಿಂದಲೇ ಬಂತೇ ಎಂಬುದು ಆಂತರಿಕ ಸಿಂಧುತ್ವ. ಶೇಡಬಾಳದ ಕಬ್ಬಿಗೆ ಒದಗಿದ್ದು ಅಥಣಿ ಕಡೆಯ ಮಳೆಯಾಶ್ರಿತ ಜೋಳಕ್ಕೂ ಒದಗುವುದೇ ಎಂಬುದು ಬಾಹ್ಯ ಸಿಂಧುತ್ವ. ಅದಕ್ಕೆ ಅಲ್ಲಿಯ ಹೊಲದಲ್ಲೇ ಪರೀಕ್ಷೆ ನಡೆಯಬೇಕು.