ಹಳೆಯ ಕಟ್ಟಡದ ಹೊಸ ಮಕ್ಕಳು

ಹನೂರಿನ ರೈತರೊಬ್ಬರು, ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕು ಪಡೆದ ಮಗಳೊಡನೆ, ಒಮ್ಮೆ ಕೊಳ್ಳೇಗಾಲದ ನನ್ನ ಮನೆಗೆ ಬಂದರು. “ಮೇಷ್ಟ್ರೇ, ಹೊಸ ಕಾಲೇಜು ಅಷ್ಟೊಂದಿರುವಾಗ ಇವಳಿಗೆ ಬೆಂಗಳೂರಿನ ಆ ಹಳೇ ಕಟ್ಟಡವೇ ಯಾಕೆ?” ಎಂದರು. ಅವರು ಹೇಳಿದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ ಆರಂಭವಾದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜನ್ನು ಕುರಿತು.

ಇಂಜಿನಿಯರಾಗಲು ಸ್ವತಃ ವಿಶ್ವೇಶ್ವರಯ್ಯನವರೇ ಪುಣೆಗೆ ಹೋಗಬೇಕಾಯಿತು. ನಾಡಿನ ಮಕ್ಕಳಿಗೆ ನಾಡಿನಲ್ಲೇ ಆ ವಿದ್ಯೆ ದೊರೆತದ್ದು ಈ ಕಾಲೇಜಿನಿಂದ. ಆದರೆ ನಾಡೆಂಬುದಕ್ಕೂ ಅಂದು ಗಡಿಯಿತ್ತು. ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರು ಸಂಸ್ಥಾನದ್ದು. ಪಕ್ಕದ ಕೊಳ್ಳೇಗಾಲ, ಹನೂರುಗಳು 1956ರವರೆಗೂ ಮದರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಯವು. ಯಳಂದೂರಿನ ಹುಡುಗನಿಗೆ ಬೆಂಗಳೂರಿನ ಕಾಲೇಜು ತನ್ನದಾದರೆ, ನಮ್ಮವನಿಗೆ ತನ್ನ ಪ್ರಾಂತದ್ದೆಂದರೆ ದೂರದ ಗಿಂಡಿ.

ಇಂದು ಆ ಗಡಿಯಿಲ್ಲ. ಹಣದ ಗಡಿಯೊಂದು ಉಳಿದಿದೆ. ಅದನ್ನು ದಾಟಿಸುವುದು ಇಂಥ ಸಂಸ್ಥೆಯೇ. ಇಲ್ಲಿ ಪ್ರವೇಶ ಅಂಕದ ಬಲದಿಂದ, ಶುಲ್ಕ ಖಾಸಗಿ ಕಾಲೇಜುಗಳಿಗಿಂತ ಬಹಳ ಕಡಿಮೆ. ಜಾಣರು ಬರುತ್ತಾರೆಂದೇ ಜಾಣರು ಬರುತ್ತಾರೆ. ಕಟ್ಟಡಕ್ಕೆ ವಯಸ್ಸಾಗಿರಬಹುದು; ಪ್ರತಿವರ್ಷ ಮೆಟ್ಟಿಲೇರುವ ಮಕ್ಕಳು ಹೊಸಬರೇ.

ಇಷ್ಟನ್ನೂ ಕೇಳಿ ರೈತರು ಮಗಳ ಮುಖ ನೋಡಿದರು. “ಅಂಗಾರೆ ಜಮೀನು ಅಡ ಇಡೋ ಹಂಗಿಲ್ಲ” ಎಂದರು. ಅವಳು ಮೊದಲೇ ಮಾಡಿದ್ದ ಲೆಕ್ಕವೂ ಅದೇ ಆಗಿತ್ತು.