ಊರ ಟಿವಿ ಮನೆ ಟಿವಿಯಾದ ವರ್ಷ: 1982

ಸ್ವಲ್ಪ ಉದ್ದದ ಬರಹ, ಪುರುಸೊತ್ತು ಮಾಡ್ಕೊಂಡು ಓದಿ.

ಹಳೇ ದೂರದರ್ಶನದ ನೆನಪು ಬರೆಯೋರು ಆಗಾಗ ಕಾಣಿಸ್ತಾರೆ. ಆ ಸುತ್ತುವ ಲೋಗೋ, ಆ ಸಂಗೀತ, ಭಾನುವಾರದ ರಾಮಾಯಣ. 'ಇಡೀ ಊರೇ ಒಂದು ಮನೇಲಿ ಕೂತು ನೋಡ್ತಿದ್ವಿ, ಎಂಥಾ ಕಾಲ!' ಅಂತ. ಓದಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ. ಇಡೀ ಊರು ಅಂದ್ರೆ ಯಾರ್ಯಾರು? ಅದರಲ್ಲಿ ಕೇರಿ ಇತ್ತಾ? ಕೂತು ನೋಡಿದವರು ಯಾರು, ನಿಂತು ನೋಡಿದವರು ಯಾರು?

ಈ ಪ್ರಶ್ನೆಗೆ ಉತ್ತರ ಬೇಕಾದರೆ 1982ನೇ ಇಸವಿಗೆ ಹೋಗಬೇಕು. ಆ ಒಂದೇ ವರ್ಷದಲ್ಲಿ ಈ ದೇಶದ ಟಿವಿ ಬೇರೆ ದಾರಿ ಹಿಡಿಯಿತು.

ಅದಕ್ಕೂ ಮುಂಚೆ ಏನಿತ್ತು ನೋಡೋಣ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, 'ಸೈಟ್' ಅನ್ನೋ ಪ್ರಯೋಗ ನಡೆಯಿತು. ಅಮೆರಿಕದ ಒಂದು ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ತಲುಪಿಸಿದರು. ನಮ್ಮ ರಾಜ್ಯದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾದವು. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಒಂದಿಷ್ಟು ಹಾಡು ಕುಣಿತ. ಕನ್ನಡದಲ್ಲೇ ಬರ್ತಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಟಿವಿ ಯಾರ ಮನೇದೂ ಆಗಿರಲಿಲ್ಲ. ಸರ್ಕಾರ ಕೊಟ್ಟ ಪೆಟ್ಟಿಗೆ, ಶಾಲೆಯಲ್ಲೋ ಪಂಚಾಯ್ತಿ ಕಟ್ಟಡದಲ್ಲೋ ಇಡ್ತಿದ್ದ ಪೆಟ್ಟಿಗೆ. ಊರ ಟಿವಿ. ಅಲ್ಲಿ ಜಾತಿ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ಶಾಲೆ ಅಂಗಳದಲ್ಲೂ ಯಾರು ಮುಂದೆ, ಯಾರು ಹಿಂದೆ ಅನ್ನೋದನ್ನು ಊರು ಮೊದಲೇ ತೀರ್ಮಾನ ಮಾಡಿರ್ತದೆ. ಆದರೆ ಆ ಅಂಗಳ ಸರ್ಕಾರದ್ದು. ಅಲ್ಲಿಂದ ನಮ್ಮನ್ನು ಎಬ್ಬಿಸಿದರೆ ಅದು ಕಾನೂನಿನ ಪ್ರಕಾರ ತಪ್ಪು.

ಬಾಬಾಸಾಹೇಬರು ಬರೆದ ಸಂವಿಧಾನದ 15(2)ನೇ ವಿಧಿ ಓದಿ. ಸರ್ಕಾರದ ಹಣದಿಂದ ನಡೆಯುವ ಬಾವಿ, ಕೆರೆ, ರಸ್ತೆ, ಸಾರ್ವಜನಿಕ ಜಾಗಗಳಿಗೆ ಜಾತಿ ಕಾರಣದಿಂದ ಯಾರನ್ನೂ ತಡೆಯುವ ಹಾಗಿಲ್ಲ. ಇದು ಸುಮ್ಮನೆ ಬಂದದ್ದಲ್ಲ. 1927ರಲ್ಲಿ ಮಹಾಡದ ಚೌದಾರ್ ಕೆರೆ ನೀರು ಮುಟ್ಟಿದ ಮೇಲೆ ಸವರ್ಣೀಯರು ಕೋರ್ಟಿಗೆ ಹೋಗಿ ಹೇಳಿದ್ದೇನು ಗೊತ್ತಾ? 'ಈ ಕೆರೆ ಸಾರ್ವಜನಿಕ ಅಲ್ಲ, ನಮ್ಮ ಖಾಸಗಿ ಸ್ವತ್ತು' ಅಂತ. ಬಾಬಾಸಾಹೇಬರು ಹತ್ತು ವರ್ಷ ಕೇಸು ನಡೆಸಿದರು, 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು. ಖಾಸಗಿ ಅಂದುಬಿಟ್ಟರೆ ನಮ್ಮ ಹಕ್ಕು ಮುಗೀತು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇವರಿಗೂ ಗೊತ್ತಿತ್ತು.

ಈಗ 1982ಕ್ಕೆ ಬನ್ನಿ.

ಏಪ್ರಿಲ್ 10ಕ್ಕೆ ಇನ್ಸಾಟ್-1ಎ ಉಪಗ್ರಹ ಹಾರಿತು. ಆಗಸ್ಟ್ 15ಕ್ಕೆ ದೆಹಲಿಯಿಂದ ಇಡೀ ದೇಶಕ್ಕೆ ಒಂದೇ 'ರಾಷ್ಟ್ರೀಯ ಕಾರ್ಯಕ್ರಮ' ಶುರುವಾಯಿತು. ಅದೇ ದಿನ ಕೆಂಪುಕೋಟೆ ಬಣ್ಣದಲ್ಲಿ ಕಾಣಿಸಿತು. ಸೆಪ್ಟೆಂಬರ್‌ನಲ್ಲಿ ಆ ಉಪಗ್ರಹ ಕೆಟ್ಟು ಕೈಕೊಟ್ಟಿತು. ಆದರೂ ಸರ್ಕಾರ ನಿಲ್ಲಲಿಲ್ಲ, ಯಾಕಂದ್ರೆ ನವೆಂಬರ್ 19ರಿಂದ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ. ಅದನ್ನು ಬಣ್ಣದಲ್ಲಿ ತೋರಿಸಲೇಬೇಕಿತ್ತು. ಬಣ್ಣದ ಟಿವಿ ಬೇಕೇ ಬೇಕು ಅಂತ ಪಟ್ಟು ಹಿಡಿದವರು ವಾರ್ತಾ ಸಚಿವರಾಗಿದ್ದ ವಸಂತ ಸಾಠೆ. ಹೊರದೇಶದಿಂದ ಬಣ್ಣದ ಟಿವಿ ತರಿಸೋಕೆ ದಾರಿ ಸಡಿಲ ಮಾಡಿದರು. ಶ್ರೀಮಂತರು, ನೌಕರಿಯವರು ಅಂಗಡಿಗೆ ಹೋದರು.

ಅಲ್ಲಿಗೆ ಲೆಕ್ಕ ತಿರುಗಿತು. 1975ರಲ್ಲಿ ಸರ್ಕಾರ ಕೇಳಿದ್ದು 'ಯಾವ ಹಳ್ಳಿಗೆ ಟಿವಿ ಇಡೋಣ?' ಅಂತ. 1982ರ ನಂತರ ಕೇಳಿದ್ದು 'ಯಾರಿಗೆ ಕೊಳ್ಳೋ ಶಕ್ತಿ ಇದೆ?' ಅಂತ. ಟವರ್ ಹಾಕೋದು ಸರ್ಕಾರದ ಕೆಲಸ, ಪೆಟ್ಟಿಗೆ ತರೋದು ಮನೆಯವರ ಕೆಲಸ. ಊರ ಟಿವಿ ಮನೆ ಟಿವಿ ಆಯ್ತು.

ಆ ಹೊತ್ತಿಗೆ ನಮ್ಮ ರಾಜ್ಯ ಏನು ಮಾಡ್ತಿತ್ತು? ಬೆಂಗಳೂರು ದೂರದರ್ಶನ ಶುರುವಾಗಿ ಇನ್ನೂ ವರ್ಷ ತುಂಬಿರಲಿಲ್ಲ, 1981ರ ನವೆಂಬರ್ 1ಕ್ಕೆ ಆರಂಭವಾಗಿತ್ತು. 1982ರಲ್ಲಿ ಗೋಕಾಕ್ ಚಳವಳಿ ರಾಜ್ಯ ತುಂಬಾ ಹಬ್ಬಿತ್ತು. ಬೀದಿಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಅಂತ ಕೂಗುತ್ತಿದ್ದ ವರ್ಷದಲ್ಲೇ ಟಿವಿಯಲ್ಲಿ ದೆಹಲಿಯ ಹಿಂದಿ, ಇಂಗ್ಲಿಷ್ ಸುದ್ದಿ ಬಂದು ಕೂತವು. ಸೈಟ್ ಕಾಲದಲ್ಲಿ ಹಳ್ಳಿಯವನಿಗೆ ಅವನ ಭಾಷೆಯಲ್ಲಿ ಮಾತಾಡಿದ ಪೆಟ್ಟಿಗೆ ಈಗ ಪರಭಾಷೆ ಮಾತಾಡ್ತಿತ್ತು.

ಅದೇ ವರ್ಷ ಜೂನ್ 6ಕ್ಕೆ ನಮ್ಮ ಹುಣಸೂರಿನ ಕಲ್ಲಹಳ್ಳಿಯ ದೇವರಾಜ ಅರಸು ತೀರಿಕೊಂಡರು. ಅವರ ಭೂಸುಧಾರಣೆಯಿಂದ ಗೇಣಿದಾರರಿಗೆ ಭೂಮಿ ಸಿಕ್ಕಿತು, ಕೂಲಿ ಮಾಡ್ತಿದ್ದ ನಮ್ಮೋರಿಗೆ ಸಿಕ್ಕಿದ್ದು ಕಡಿಮೆ. ಆ ತಕರಾರು ಇದ್ದೇ ಇದೆ. ಆದರೂ ಸರ್ಕಾರ ಅನ್ನೋದು ಬಡವರ ಬಾಗಿಲಿಗೆ ಬರಬೇಕು ಅನ್ನೋ ಮಾತಿಗೆ ಅವರ ಕಾಲದಲ್ಲಿ ಬೆಲೆ ಇತ್ತು. ಅರಸು ಹೋದ ವರ್ಷವೇ ಟಿವಿ ಉಳ್ಳವರ ಬಾಗಿಲು ಹುಡುಕಿಕೊಂಡು ಹೊರಟದ್ದು ನೆನೆದರೆ ಹೊಟ್ಟೆ ಉರಿಯುತ್ತೆ.

1984ರಲ್ಲಿ ದೇಶದಲ್ಲಿ ಕೆಲವು ತಿಂಗಳು ಹೆಚ್ಚುಕಮ್ಮಿ ದಿನಕ್ಕೊಂದು ಟ್ರಾನ್ಸ್‌ಮಿಟರ್ ಹಾಕಿದರು. ಅಲ್ಲಿಂದ ಮುಂದೆ ಟಿವಿ ನಮ್ಮ ಸೀಮೆಗೂ ಬಂತು. ಎಲ್ಲಿಗೆ ಬಂತು? ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ದುಡ್ಡು ಕಂಡ ಮನೆಗೆ. ಕೆ.ಆರ್.ನಗರದಲ್ಲಿ ನಾಲೆ ನೀರಿನ ಗದ್ದೆ ಇದ್ದ ಮನೆಗೆ. ಎಚ್.ಡಿ.ಕೋಟೆ ಕಡೆ ಕಬಿನಿ ಅಣೆಕಟ್ಟೆಗೆ, ನಾಗರಹೊಳೆ ಕಾಡಿಗೆ ಅಂತ ಜಾಗ ಕಳಕೊಂಡ ಜೇನುಕುರುಬರ ಎಷ್ಟೋ ಹಾಡಿಗಳಿಗೆ ಕರೆಂಟೇ ಇರಲಿಲ್ಲ, ಟಿವಿ ಎಲ್ಲಿಂದ ಬರಬೇಕು?

ರೇಡಿಯೋ ಕಾಲದಲ್ಲಿ ಈ ಸಮಸ್ಯೆ ಇಷ್ಟು ಇರಲಿಲ್ಲ. ಶಬ್ದ ಗೋಡೆ ದಾಟಿ ಬರ್ತದೆ. ಜೋರಾಗಿ ಹಾಕಿದರೆ ಬೀದಿಯಲ್ಲಿ ಹೋಗೋನಿಗೂ ಕೇಳ್ತದೆ. ಟಿವಿ ನೋಡಬೇಕಾದ್ರೆ ಒಳಗೆ ಹೋಗಬೇಕು. ತಲೆಮಾರುಗಳಿಂದ ನಮ್ಮೋರು ಹೊಸಿಲು ದಾಟದ ಮನೆ ಒಳಗೆ.

ನಿಮ್ಮೂರ ಹಿರಿಯರನ್ನು ಕೇಳಿ ನೋಡಿ. ನಮ್ಮ ಕೇರಿಯವರು ಹೇಳ್ತಾರೆ: ಮುಂದಲ ಸಾಲಿನಲ್ಲಿ ಚಾಪೆ ಮೇಲೆ ಆ ಮನೆಯವರು, ನೆಂಟರು. ಪಡಸಾಲೆಯಲ್ಲಿ ಊರವರು. ನಾವು ಜಗಲಿ ಕೆಳಗೆ, ಇಲ್ಲ ಕಿಟಕಿ ಸರಳು ಹಿಡ್ಕೊಂಡು. ಬೆಳಿಗ್ಗೆ ಕೊಟ್ಟಿಗೆ ಗುಡಿಸಿ, ಹುಲ್ಲು ಹಾಕಿದ ಮಕ್ಕಳಿಗೆ ಸಂಜೆ ಕಿಟಕಿ. ಮನೆಯವರಿಗೆ ಬೇಜಾರಾದರೆ ಕಿಟಕಿ ಬಾಗಿಲು ಮುಚ್ಚಿದರೆ ಆಯ್ತು. ಯಾವ ವಿಧಿ ಅಂತ ತೋರಿಸಿ ಕೇಳ್ತೀರಿ? ಅದು ಅವರ ಮನೆ.

ಟಿವಿ ಒಳಗಾದ್ರೂ ನಾವಿದ್ವಾ? ಸತ್ಯಜಿತ್ ರೇ 1981ರಲ್ಲಿ ದೂರದರ್ಶನಕ್ಕಾಗಿಯೇ 'ಸದ್ಗತಿ' ಮಾಡಿದರು, ಪ್ರೇಮಚಂದರ ಕತೆ. ಬ್ರಾಹ್ಮಣನ ಮನೆ ಅಂಗಳದಲ್ಲಿ ಹಸಿದ ಹೊಟ್ಟೇಲಿ ಸೌದೆ ಸೀಳಿ ಸೀಳಿ ಸಾಯುವ ದುಖಿ. ದೊಡ್ಡ ಚಿತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥದ್ದು ಅಪರೂಪಕ್ಕೊಂದು. ಉಳಿದಂತೆ ನಮ್ಮ ಕೂಲಿ, ನಮ್ಮ ತಮಟೆ, ನಮ್ಮ ಸಂಘಟನೆ ಯಾವುದೂ ಆ ಪರದೆ ಮೇಲೆ ಕಾಣಲಿಲ್ಲ.

ಬೇರೆ ದಾರಿ ಇರಲಿಲ್ಲವಾ? ಇತ್ತು. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1975ರಿಂದ ಪಿಜ್ ಅನ್ನೋ ಹಳ್ಳಿಯ ಟ್ರಾನ್ಸ್‌ಮಿಟರ್ ಮೂಲಕ ಹಳ್ಳಿಗಳ ಸಾರ್ವಜನಿಕ ಟಿವಿಗೆ ಕಾರ್ಯಕ್ರಮ ಹೋಗ್ತಿತ್ತು. ಕನಿಷ್ಠ ಕೂಲಿ, ಅಸ್ಪೃಶ್ಯತೆ ಇಂಥ ವಿಷಯ, ಹಳ್ಳಿಯವರನ್ನೇ ಸೇರಿಸಿಕೊಂಡು ಮಾಡ್ತಿದ್ದರು. 1984ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂತು. ಮರುವರ್ಷ ಪಿಜ್ ಟ್ರಾನ್ಸ್‌ಮಿಟರ್ ಮುಚ್ಚಿದರು! ಇನ್ನೊಂದು ಕಡೆ, 1982ರ ಡಿಸೆಂಬರ್‌ನಲ್ಲಿ ಸರ್ಕಾರವೇ ನೇಮಿಸಿದ ಪಿ.ಸಿ. ಜೋಶಿ ಸಮಿತಿ, ಟಿವಿ ದೆಹಲಿಗೂ ನಗರದ ಮಧ್ಯಮ ವರ್ಗಕ್ಕೂ ಅಂಟಿಕೊಂಡಿದೆ ಅಂತ ವರದಿ ಕೊಟ್ಟಿತು. ವರದಿ ಕಪಾಟು ಸೇರಿತು. ಜಾಹೀರಾತು, ಧಾರಾವಾಹಿ ಮುಂದೆ ಹೋದವು.

ಕೇರಿಗೆ ಟಿವಿ ಹೇಗೆ ಬಂತು ಗೊತ್ತಾ? ಮೀಸಲಾತಿಯಲ್ಲಿ ಕೆಲಸ ಸಿಕ್ಕ ಒಬ್ಬ ಮೇಷ್ಟ್ರು, ಒಬ್ಬ ಕಂಡಕ್ಟರ್, ಒಬ್ಬ ಅಟೆಂಡರ್ ಮನೆಗೆ, ಕಂತಿನಲ್ಲಿ. ಆವತ್ತು ನಮ್ಮ ಮಕ್ಕಳು ಮೊದಲ ಸಲ ಮುಂದಲ ಸಾಲಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತರು. ಅದನ್ನು ನಮಗೆ ಕೊಟ್ಟದ್ದು ಏಷ್ಯಾಡ್ ಅಲ್ಲ, ಬಾಬಾಸಾಹೇಬರು.

ಇದನ್ನೆಲ್ಲ ಈಗ ಯಾಕೆ ಬರೆದೆ ಅಂದ್ರೆ, ಮತ್ತೆ ಅದೇ ಆಟ ನಡೀತಿದೆ. ಈಗ ಕಲಿಕೆ, ಅರ್ಜಿ, ಪರೀಕ್ಷೆ ಎಲ್ಲಾ ಆನ್‌ಲೈನ್. ಫೋನು, ಡೇಟಾ ನಿಮ್ಮ ಖರ್ಚು. ಆದರೆ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು 'ಅರಿವು ಕೇಂದ್ರ' ಆಗಿವೆ, ಎಷ್ಟೋ ಕಡೆ ಕಂಪ್ಯೂಟರ್, ಟಿವಿ ಬಂದಿವೆ. ಅದು ಊರ ಸ್ವತ್ತು, ನಮ್ಮ ಸ್ವತ್ತು. ನಾಲ್ಕೂ ತಾಲ್ಲೂಕಿನ ನಮ್ಮ ಹುಡುಗ ಹುಡುಗಿಯರು ಈ ವಾರ ಒಂದು ಸಲ ಹೋಗಿ ನೋಡಿ. ಬಾಗಿಲು ತೆಗೆದಿರ್ತದಾ? ಎಷ್ಟು ಗಂಟೆಗೆ? ಕಂಪ್ಯೂಟರ್ ಮೇಲೆ ಧೂಳಿದೆಯಾ, ಇಲ್ಲ ಯಾರದ್ದಾದರೂ ಮನೆ ಸೇರಿದೆಯಾ? ಕೇರಿ ಮಕ್ಕಳಿಗೆ ಕುರ್ಚಿ ಸಿಗ್ತದಾ?

ನೋಡಿದ್ದನ್ನು ಕಾಮೆಂಟಿನಲ್ಲಿ ಬರೀರಿ, ಪಂಚಾಯ್ತಿ ಹೆಸರು ಹಾಕಿ. ಒಟ್ಟು ಮಾಡಿ ಗ್ರಾಮಸಭೆಯಲ್ಲಿ ಕೇಳೋಣ.

ಜೈಭೀಮ್.